ಆಮೇಲಮ್ಮನ ದೊಣೆ

ಇಲ್ಲಿ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಈ ಮೀಸೆ ನಾಳೆ ಬೆಳಗಾಗುವುದರೊಳಗೆ ತಾನಾಗಿ ಉದುರಿಹೋಗಲಿ. ಇದು ಹಗುರವಾದ ಆಣೆಯಲ್ಲ. ಎಮ್ಮೆಗುಂದಿಯ ಸಂತೆಯಲ್ಲಿ ಈ ಮೀಸೆಯನ್ನು ಕಂಡ ಹೋತವೊಂದು ನಾಚಿ, ತನ್ನ ಗಡ್ಡವನ್ನು ಮುಂಗಾಲಿನಲ್ಲಿ ಮುಚ್ಚಿಕೊಂಡದ್ದನ್ನು ನೋಡಿದವರು ಇನ್ನೂ ಬದುಕಿದ್ದಾರೆ. ಆ ಸೀಮೆಯ ಗುಡ್ಡ, ಕೆರೆ, ಕಲ್ಲುಗಳ ಹಳೆಯ ಸಂಗತಿ ಬಲ್ಲವರು ಒಟ್ಟು ಏಳು ಜನ. ಆರು ಜನ ನನ್ನಿಂದ ಕೇಳಿ ತಿಳಿದವರು, ಏಳನೆಯವನು ನಾನು. ಹೀಗಿರುವಾಗ ಸಾಕ್ಷಿಗೆ ಇನ್ನಾರನ್ನು ಕರೆಯಲಿ?

ಎಮ್ಮೆಗುಂದಿಯಿಂದ ಮೂಡಲಿಗೆ ಹೋಗುವ ಬಸ್ಸು ಒಂದು ಬೋಳು ಗುಡ್ಡದ ಬುಡದಲ್ಲಿ ಗಳಿಗೆ ಹೊತ್ತು ನಿಲ್ಲುತ್ತದೆ. 'ಆಮೇಲಮ್ಮ ಇಳೀರಿ' ಎಂದು ಕಂಡಕ್ಟರು ಕೂಗಿದಾಗ ಸಾಮಾನ್ಯವಾಗಿ ಒಬ್ಬರೇ ಇಳಿಯುತ್ತಾರೆ. ಜೋಡಿಯಾಗಿ, ಗುಂಪಾಗಿ ಇಳಿದವರನ್ನು ನಾನು ಕಂಡದ್ದು ಕಡಿಮೆ. ಮೇಲೆ ಹತ್ತಲು ಮೆಟ್ಟಿಲಿಲ್ಲ, ಬಂಡೆಯ ಮೇಲೆ ಆಡಿನ ಗೊರಸು ಸವೆಸಿದ ಜಾಡಿದೆ. ತುದಿಯಲ್ಲಿ ಎಂಥ ಬೇಸಗೆಗೂ ಬತ್ತದ ಒಂದು ದೊಣೆ. ಬಂಡೆಯ ಮಡಿಲಲ್ಲಿ ತಾನಾಗಿ ನಿಂತ ನೀರಿಗೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ದೊಣೆಯ ಮೂಡಣ ದಡದಲ್ಲೊಂದು, ಪಡುವಣ ದಡದಲ್ಲೊಂದು, ಎದುರುಬದುರಾಗಿ ಎರಡು ಕುಳಿಗಳಿವೆ. ಯಾರೋ ಬಹಳ ಕಾಲ ಕೂತು ಕೂತು ಕಲ್ಲೇ ಕುಸಿದಂತೆ. ಮಗ್ಗುಲ ಗೂಡಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಒಂದು ಕಟ್ಟು. ವಿಗ್ರಹವಿಲ್ಲ, ಗಂಟೆಯಿಲ್ಲ. ಪೂಜೆ ಮಾಡುವವಳು ಪಕ್ಕದ ಹಟ್ಟಿಯ ಹೆಂಗಸು. ಅವಳು ಗೋತ್ರ, ನಕ್ಷತ್ರ ಕೇಳುವುದಿಲ್ಲ. ಬಂದವರನ್ನು ಪಡುವಣ ಕುಳಿಯಲ್ಲಿ ಕೂರಿಸಿ, ತಾನು ಮೂಡಣ ಕುಳಿಯಲ್ಲಿ ಕೂತು, 'ಹೇಳ್ರಿ' ಎನ್ನುತ್ತಾಳೆ. ಬಂದವರು ಏನೋ ಹೇಳುತ್ತಾರೆ, ನಿಲ್ಲಿಸುತ್ತಾರೆ. ಆಗ ಅವಳು 'ಆಮೇಲೆ?' ಎನ್ನುತ್ತಾಳೆ. ಪೂಜೆಯೆಂದರೆ ಅಷ್ಟೇ. ಮಂತ್ರವೂ ಅದೇ, ಮಂಗಳಾರತಿಯೂ ಅದೇ. ಇದು ಹೇಗೆ ಬಂತೆಂದರೆ, ಅದಕ್ಕೆ ತಿಪ್ಪಾಭಟ್ಟನ ಸಂಗತಿಯಿಂದ ಶುರು ಮಾಡಬೇಕು.

ಹಿಂದೆ ಒಮ್ಮೆ, ಎಮ್ಮೆಗುಂದಿಯ ಕೋಟೆಯಲ್ಲಿ ಬೊಮ್ಮಲಿಂಗನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಕಾಲದಲ್ಲಿ, ತಿಪ್ಪಾಭಟ್ಟನೆಂಬ ಓಲೆ ಬರೆಯುವವನೊಬ್ಬ ಈ ಗುಡ್ಡಕ್ಕೆ ಬಂದು ಸೇರಿದನಂತೆ. ಮಠದಿಂದ ಮಠಕ್ಕೆ ನಡೆಯುವುದು, ಅವರು ಕೊಟ್ಟ ಹಳೆಯ ಗ್ರಂಥವನ್ನು ಹೊಸ ಗರಿಗೆ ಇಳಿಸಿಕೊಡುವುದು, ಮತ್ತೆ ಮುಂದಕ್ಕೆ ನಡೆಯುವುದು. ನಲವತ್ತು ವರ್ಷದಿಂದ ಇದೇ ಅವನ ಬದುಕು. ಗರಿ ಕೊರೆಯುವ ಅವನ ಕಬ್ಬಿಣದ ಕಂಟದ ಮೊನೆ ಎಂಥ ಚೂಪೆಂದರೆ, ಒಮ್ಮೆ ಗರಿಯ ಮೇಲೆ ಕೂತ ಸೊಳ್ಳೆಯ ರೆಕ್ಕೆಯ ಮೇಲೆ ಇಡೀ ಒಂದು ಶ್ಲೋಕ ಕೊರೆದನೆಂದೂ, ಸೊಳ್ಳೆ ಅದನ್ನು ಹೊತ್ತುಕೊಂಡೇ ಹಾರಿಹೋಯಿತೆಂದೂ, ಆ ಊರಿನಲ್ಲಿ ಕಚ್ಚಿಸಿಕೊಂಡವರಿಗೆಲ್ಲ ಸಂಸ್ಕೃತ ಬಂತೆಂದೂ ಹೇಳುತ್ತಾರೆ. ಬಿಸಿಲ ಸೀಮೆಯಲ್ಲಿ ಒಣಗಿದ ತಾಳೆಗರಿ ಕಂಟ ತಾಗಿದೊಡನೆ ಸೀಳುತ್ತದೆ. ದೊಣೆಯ ತಂಪಿಗೆ ಗರಿ ಮೆತ್ತಗಿರುತ್ತದೆಂದು ಅವನು ಅಲ್ಲಿನ ಗವಿಯಲ್ಲಿ ಒಂದು ಬೇಸಗೆ ಕಳೆಯಲು ನಿಂತ. ಆದರೆ ಗರಿಯ ನೆವವಷ್ಟೇ ಅಲ್ಲ. ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಮಠಗಳಲ್ಲಿ ಅವನಿಗೆ ಊಟ ಹಾಕುತ್ತಿದ್ದರು, ಮಲಗಲು ಜಗಲಿ ಕೊಡುತ್ತಿದ್ದರು, ಗ್ರಂಥ ಮುಗಿಯಿತೇ ಎಂದು ವಿಚಾರಿಸುತ್ತಿದ್ದರು. ಗ್ರಂಥವನ್ನು ಬಿಟ್ಟು ಬೇರೇನನ್ನೂ ಆ ನಲವತ್ತು ವರ್ಷದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ.

ಬರೆಯುವಾಗ ಬಾಯಲ್ಲಿ ಗೊಣಗಿಕೊಂಡು ಬರೆಯುವುದು ಆ ಕಸುಬಿನವರ ರೂಢಿ. ಹಾಗೆ ಗೊಣಗುತ್ತ ಕೂತಿದ್ದ ಒಂದು ಮಧ್ಯಾಹ್ನ, ಆಡುಗಳಿಗೆ ನೀರು ಕುಡಿಸಲು ಬಂದ ಹಟ್ಟಿಯ ಮುದುಕಿ ಕಾಟವ್ವ ದೊಣೆಯ ಆಚೆ ದಡದಲ್ಲಿ ನಿಂತು ಅವನನ್ನೇ ನೋಡಿದಳು. ಗಂಡ ತೀರಿಕೊಂಡವಳು, ಮಗ ಸೊಸೆ ಕುರಿಹಿಂಡಿನ ಹಿಂದೆ ಹೋದರೆ ಆರು ತಿಂಗಳು ಹಟ್ಟಿಯ ಕಡೆ ತಲೆ ಹಾಕುತ್ತಿರಲಿಲ್ಲ.

"ಯಾರ್ ಜತೆ ಮಾತಾಡ್ತಿದೀರಿ ಓಲೆಸ್ವಾಮಿ?"

"ಯಾರ ಜೊತೆಗೂ ಇಲ್ಲ."

"ಹಂಗಾರೆ ನನ್ ಜತೆ ಆಡ್ರಿ. ನಾನೂ ಈ ಆಡುಗಳಿಗೆ ಹೇಳಿ ಹೇಳಿ ಸಾಕಾಗೇತಿ. ಕಿವಿ ಅಷ್ಟುದ್ದ ಐತೆ, ಒಂದಾದ್ರೂ ಆಮೇಲೆ ಏನಾತು ಅಂತ ಕೇಳಲ್ಲ ಮುಂಡೇವು."

ಅವಳು ಮೂಡಣ ದಡದಲ್ಲಿ ಕೂತಳು. ತಿಪ್ಪಾಭಟ್ಟ ಆಗ ನಕಲು ಮಾಡುತ್ತಿದ್ದ ಕಥೆಯ ನಾಲ್ಕು ಮಾತನ್ನು ಕನ್ನಡದಲ್ಲಿ ಹೇಳಿ, ಇವಳಿಗೆ ಇಷ್ಟು ಸಾಕು ಎಂದು ನಿಲ್ಲಿಸಿದ. "ಆಮೇಲೆ?" ಎಂದಳು ಕಾಟವ್ವ. ಅವನು ಇನ್ನೊಂದಿಷ್ಟು ಹೇಳಿದ. "ಆಮೇಲೆ?" ಹೊತ್ತು ಇಳಿಯುವವರೆಗೂ ಇದು ನಡೆಯಿತು. ಆಡುಗಳು ನೀರು ಕುಡಿದು, ಮಲಗಿ, ಎದ್ದು, ಮತ್ತೆ ಕುಡಿದವು. ಅವಳು ಹಟ್ಟಿಗೆ ಇಳಿದ ಮೇಲೆ ತಿಪ್ಪಾಭಟ್ಟನಿಗೆ ಗಂಟಲು ನೋಯುತ್ತಿತ್ತು. ಅಷ್ಟು ಮಾತಾಡಿ ಎಷ್ಟೋ ವರ್ಷಗಳಾಗಿದ್ದವು. ಮರುದಿನ ಮಧ್ಯಾಹ್ನ ಆಡಿನ ಸದ್ದು ಕೇಳುವ ಮೊದಲೇ ಅವನು ಪಡುವಣ ದಡದಲ್ಲಿ ಬಂದು ಕೂತಿದ್ದ.

ಹೀಗೆ ಒಂದು ತಿಂಗಳು. ಪುರಾಣದ ಕಥೆಗಳೆಲ್ಲ ಮುಗಿದವು. ಒಂದು ದಿನ ಹೇಳಲು ಏನೂ ಉಳಿಯದೆ ಅವನು ತನ್ನದೇ ಮಾತು ತೆಗೆದ. ಮದುವೆಯಾಗಿ ಎರಡನೆಯ ವರ್ಷ, ಹೊಳೆಯಾಚೆಯ ಮಠದಲ್ಲಿ ಒಂದು ದೊಡ್ಡ ಗ್ರಂಥದ ಕೆಲಸ ಸಿಕ್ಕಿತು. ಇದೊಂದು ಪುಸ್ತಕ ಮುಗಿದೊಡನೆ ಬಂದುಬಿಡುತ್ತೇನೆ ಎಂದು ಹೆಂಡತಿಗೆ ಹೇಳಿ ಹೊಳೆ ದಾಟಿದೆ. ಅಷ್ಟು ಹೇಳಿ ನಿಲ್ಲಿಸಿದ.

"ಆಮೇಲೆ?" ಎಂದಳು ಕಾಟವ್ವ.

ತಿಪ್ಪಾಭಟ್ಟ ಕಂಟವನ್ನು ಕೈಗೆತ್ತಿಕೊಂಡು, ಅದರ ಮೊನೆಯನ್ನು ಕಲ್ಲಿಗೆ ಉಜ್ಜತೊಡಗಿದ. "ಇರ್ಲಿ ಬಿಡ್ರಿ ಸ್ವಾಮಿ. ಅದನ್ನ ಇನ್ನೊಂದಿನ ಹೇಳೀರಂತೆ" ಎಂದು ಆಡುಗಳನ್ನು ಹೊಡೆದುಕೊಂಡು ಹೋದಳು.

ಅದೇ ವಾರ ಕೋಟೆಯಿಂದ ತಮಟೆಯವನು ಬಂದ. ನಾಯಕರು ಗುಡ್ಡದ ಮೇಲೆ ಲಾಯ ಕಟ್ಟಿಸುತ್ತಾರೆ, ಬರುವ ಹುಣ್ಣಿಮೆಯಿಂದ ದೊಣೆಯ ನೀರು ಕುದುರೆಗಳಿಗೆ ಮೀಸಲು, ಆಡು ಕುರಿ ಹತ್ತಿದರೆ ಹಿಡಿದು ಕೋಟೆಗೆ ಒಯ್ಯಲಾಗುವುದು ಎಂದು ಸಾರಿದ. ಆ ಸುತ್ತಿನಲ್ಲಿ ಬೇಸಗೆಗೆ ಉಳಿಯುವ ನೀರು ಅದೊಂದೇ. ಹಟ್ಟಿಯ ಹಿರಿಯರು ಕೋಟೆಗೆ ಹೋಗಿ ಕೈಮುಗಿದು ಕೇಳಿಕೊಂಡರು. ಆಗ ಆಸ್ಥಾನದ ಮುಕುಂದಶಾಸ್ತ್ರಿಗಳು ಒಂದು ದಾರಿ ತೋರಿಸಿದರಂತೆ. ನಾಯಕನ ತಾತ ಒಮ್ಮೆ ಪುರಾಣದಲ್ಲಿ ಹೆಸರಿದ್ದ ತೀರ್ಥವೊಂದರಲ್ಲಿ ಕುದುರೆ ತೊಳೆಸಿ, ಮರುದಿನವೇ ಯುದ್ಧ ಸೋತಿದ್ದ. ಅಂದಿನಿಂದ ಆ ಮನೆತನ ಪುರಾಣದಲ್ಲಿರುವ ನೀರನ್ನು ಮುಟ್ಟುವುದಿಲ್ಲ. "ನಿಮ್ಮ ದೊಣೆಗೆ ಪುರಾಣದ ಪ್ರಮಾಣವಿದ್ದರೆ ತನ್ನಿ. ಇಲ್ಲದಿದ್ದರೆ ಅದು ಬರೀ ಮಳೆನೀರು" ಎಂದರು ಶಾಸ್ತ್ರಿಗಳು.

ಕಾಟವ್ವ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. "ನಮ್ ದೊಣೆ ಯಾವ ಪುರಾಣದಾಗೈತೆ ಸ್ವಾಮಿ?"

"ಯಾವುದರಲ್ಲೂ ಇಲ್ಲ ಕಾಟವ್ವ. ನಾನು ಬರೆದ ನಲವತ್ತರಲ್ಲಿ ಎಲ್ಲಿಯೂ ಇಲ್ಲ."

"ಯಾಕಿಲ್ಲ?"

"ಬರೆದವರು ಯಾರೂ ಈ ಕಡೆ ಬಂದಿರಲಿಲ್ಲ."

"ಈಗ ನೀವು ಬಂದೀರಲ್ಲ" ಎಂದಳು ಕಾಟವ್ವ.

ತಿಪ್ಪಾಭಟ್ಟ ಮೊದಲು ಗದರಿದ, ಆಮೇಲೆ ನಕ್ಕ, ಆಮೇಲೆ ಉಳಿದ ಗರಿಗಳನ್ನು ಎಣಿಸಿ ನೋಡಿದ. ಪುರಾಣವೆಂದರೆ ಹೇಗಿರಬೇಕು ಎಂಬುದನ್ನು ಅವನಷ್ಟು ಬಲ್ಲವರು ಆ ಸೀಮೆಯಲ್ಲಿರಲಿಲ್ಲ. ನಾನು ಹೇಳುತ್ತೇನೆ ಎಂದು ಶುರುಮಾಡಿದರೆ ಅದು ಪುರಾಣವಲ್ಲ. ಕೈಲಾಸದಲ್ಲಿ ಪಾರ್ವತಿ ಕೇಳಬೇಕು, ಪರಮೇಶ್ವರ ಹೇಳಬೇಕು. ಅದನ್ನು ನಂದಿ ಕದ್ದು ಕೇಳಿರಬೇಕು. ನಂದಿಯಿಂದ ಒಬ್ಬ ಋಷಿ, ಆ ಋಷಿಯಿಂದ ಕಾಡಿನಲ್ಲಿ ಯಾಗಕ್ಕೆ ಕೂತ ಸಾವಿರ ಋಷಿಗಳು. ಕೊನೆಗೆ, ಇದು ಇಂಥ ಮಹಾಪುರಾಣದ ಇಂಥ ಖಂಡದ ಇಷ್ಟನೆಯ ಅಧ್ಯಾಯ ಎಂಬ ಒಂದು ಸಾಲು. ಆ ಮಹಾಪುರಾಣವೋ ಆಲದ ಮರದಂಥದ್ದು. ಎಲ್ಲಿ ಬಿಳಲು ಬಿಟ್ಟರೂ ಅದು ಮರದ್ದೇ ಎನ್ನುತ್ತಾರೆ, ಕಿತ್ತು ನೋಡುವವರಿಲ್ಲ. ಇದನ್ನೆಲ್ಲ ಅವನು ವಿವರಿಸಿದಾಗ ಕಾಟವ್ವನಿಗೆ ಒಂದು ಅನುಮಾನ ಬಂತು.

"ಅಷ್ಟು ಬಾಯಿಂದ ಬಾಯಿಗೆ ದಾಟಿ ಬಂತು ಸರಿ. ಬರೆದೋರು ಯಾರು ಅಂತ ಎಲ್ಲಿ ಬರ್ತೈತೆ?"

"ಎಲ್ಲಿಯೂ ಬರುವುದಿಲ್ಲ. ಬರೆದವನ ಹೆಸರು ಬಂದರೆ ಅದು ನಿನ್ನೆ ಮೊನ್ನೆಯದಾಗುತ್ತದೆ. ಹೆಸರಿಲ್ಲದಿದ್ದರೇ ವೇದದ ಪಕ್ಕದಲ್ಲಿ ಕೂರಿಸುತ್ತಾರೆ."

"ಅಯ್ಯೋ ಪಾಪ" ಎಂದಳು ಕಾಟವ್ವ. ಯಾರನ್ನು ಕುರಿತು ಅಂದಳೋ ತಿಪ್ಪಾಭಟ್ಟ ಕೇಳಲಿಲ್ಲ.

ಆದರೂ ಅವನ ಕೈ ಮೊದಲ ಗರಿಯ ಮೇಲೆಯೇ ನಿಂತುಬಿಟ್ಟಿತು. ನಲವತ್ತು ವರ್ಷ ಬೇರೆಯವರ ಮಾತನ್ನು ಇಳಿಸಿದವನಿಗೆ ತನ್ನ ಮಾತು ಬರಲೊಲ್ಲದು. ಪಾರ್ವತಿ ಕೇಳಿದಳು ಎಂದು ಕೊರೆದ. ಏನು ಕೇಳಿದಳು ಎಂಬುದು ಹೊಳೆಯಲಿಲ್ಲ. ಅಷ್ಟರಲ್ಲಿ ಎದುರು ದಡದಿಂದ "ಆಮೇಲೆ?" ಎಂಬ ಮಾತು ಬಂತು. ಆ ಮಾತನ್ನೇ ಸಂಸ್ಕೃತಕ್ಕೆ ತಿರುಗಿಸಿ ಪಾರ್ವತಿಯ ಬಾಯಿಗೆ ಹಾಕಿದ. ಅಲ್ಲಿಂದ ಕಂಟ ನಿಲ್ಲಲಿಲ್ಲ. ಶಿವ ಬಾಯಾರಿದ ಪಾರ್ವತಿಗಾಗಿ ತ್ರಿಶೂಲದಿಂದ ಬಂಡೆಯನ್ನು ತಿವಿದ, ನೀರು ಬಂತು ಎಂದು ತಿಪ್ಪಾಭಟ್ಟ ಹೇಳಿದರೆ, "ಆಮೇಲೆ? ಆಡುಗಳು ಎಲ್ಲಿ ಕುಡಿದವು?" ಎಂದು ಕಾಟವ್ವ ಕೇಳುವಳು. ಆಗ ಮೊದಲು ಕಾಡಿನ ಆಡುಗಳು ಕುಡಿದವು, ಅವು ಉಳಿಸಿದ್ದನ್ನು ದೇವಿ ಕುಡಿದಳು ಎಂದು ಎರಡು ಶ್ಲೋಕ ಹೆಚ್ಚಾಗುವುದು. ಬೇರೆ ಪುರಾಣಗಳಲ್ಲಿ ದೇವಿ ಆರಂಭದಲ್ಲಿ ಒಮ್ಮೆ ಕೇಳಿ ಸುಮ್ಮನಾದರೆ, ಇದರಲ್ಲಿ ನೂರೆಂಟು ಸಲ ಕೇಳಿದಳು. ಕಡೆಗೆ ಫಲಶ್ರುತಿ. ಈ ನೀರಿನಿಂದ ಬಾಯಾರಿದ ಪ್ರಾಣಿಯನ್ನು ಅಟ್ಟಿದವನಿಗೆ ಏನಾಗಬೇಕು ಎಂದು ತಿಪ್ಪಾಭಟ್ಟ ಯೋಚಿಸಿದ. ಕುಷ್ಠ, ಕುರುಡು, ನರಕ ಎಲ್ಲ ಬರೆದು ಬರೆದು ಅವನಿಗೇ ಬೇಸರವಾಗಿತ್ತು. "ಅವನ ಮಾತನ್ನ ಕೇಳೋರು ಒಬ್ರೂ ಇಲ್ದಂಗಾಗ್ಲಿ ಅಂತ ಬರೀರಿ" ಎಂದಳು ಕಾಟವ್ವ. ಅವನು ಹಾಗೆಯೇ ಬರೆದ. ಕೊರೆದ ಗರಿಗಳಿಗೆ ಮುಪ್ಪಿನ ಬಣ್ಣ ಬರಲೆಂದು ಕಾಟವ್ವ ಅವನ್ನು ತನ್ನ ಒಲೆಯ ಮೇಲೆ ಹೊಗೆಗೆ ಕಟ್ಟಿದಳು. ಹದಿನೈದು ದಿನದಲ್ಲಿ ಅವುಗಳಿಗೆ ಮುನ್ನೂರು ವರ್ಷ ವಯಸ್ಸಾಯಿತು.

ತಪ್ಪು ನಡೆದದ್ದು ಕಡೆಯ ಗರಿಯಲ್ಲಿ. ಗ್ರಂಥ ಮುಗಿದೊಡನೆ ಓಲೆಕಾರ ತನ್ನ ಹೆಸರು, ತಂದೆಯ ಹೆಸರು, ಊರು ಬರೆದು, ಬೆನ್ನು ಬಾಗಿಸಿ ಕಣ್ಣು ನೋಯಿಸಿಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಎಂದು ಒಂದು ಸಾಲು ಕೊರೆಯುವುದು ಕಸುಬಿನ ಪದ್ಧತಿ. ಮನಸ್ಸು ಬೇಡವೆಂದರೂ ನಲವತ್ತು ವರ್ಷದ ಕೈ ಕೇಳಬೇಕಲ್ಲ! ತಿಪ್ಪಾಭಟ್ಟ ಕಣ್ಣೆತ್ತಿ ನೋಡುವಷ್ಟರಲ್ಲಿ ಕೈ ಅವನ ಹೆಸರನ್ನು ಕೊರೆದು ಮುಗಿಸಿತ್ತು. ಬೇರೆ ಗರಿ ಉಳಿದಿರಲಿಲ್ಲ. ಕೆರೆದರೆ ಗಾಯ ಕಾಣುತ್ತದೆ. ಕೊರೆದ ಅಕ್ಷರ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ದೀಪದ ಮಸಿಗೆ ಸೊಪ್ಪಿನ ರಸ ಕಲಸಿ ಗರಿಯ ಮೇಲೆ ಒರೆಸಿದಾಗ ಮಸಿ ಗೀರಿನೊಳಗೆ ಇಳಿದು ಅಕ್ಷರ ಮೂಡುತ್ತದೆ. ಅವನು ಎಲ್ಲ ಸಾಲಿಗೂ ಮಸಿ ಒರೆಸಿ, ಆ ಒಂದು ಸಾಲನ್ನು ಹಾಗೆಯೇ ಬಿಟ್ಟ. ಬೆಳಕಿಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಜೀವಮಾನದಲ್ಲಿ ಅವನು ತಾನೇ ಕಟ್ಟಿದ ದೊಡ್ಡ ಗ್ರಂಥ ಅದೊಂದೇ. ಹೆಸರು ಅಲ್ಲಿಯೇ ಇತ್ತು, ಆದರೆ ಇರಲಿಲ್ಲ.

ಹುಣ್ಣಿಮೆಯ ಮುನ್ನಾದಿನ ಬೆಳಿಗ್ಗೆ ಸಭೆ ಸೇರಿತು. ಕಾಟವ್ವ ಮತ್ತು ಹಟ್ಟಿಯವರು ಸಭೆಯ ಹೊರಗೆ ಬೇವಿನ ಮರದ ಕೆಳಗೆ ನಿಂತರು. ಗವಿಯಲ್ಲಿ ಸಿಕ್ಕ ಹಳೆಯ ಗ್ರಂಥ ಇದು, ನಾನು ಧೂಳು ಕೊಡವಿ ತಂದಿದ್ದೇನೆ ಅಷ್ಟೇ ಎಂದು ತಿಪ್ಪಾಭಟ್ಟ ಕಟ್ಟನ್ನು ಮುಂದಿಟ್ಟ. ಮುಕುಂದಶಾಸ್ತ್ರಿಗಳು ಅದನ್ನು ಮೂಗಿನ ಹತ್ತಿರ ಹಿಡಿದರು.

"ಈ ಪುರಾಣ ಆಡಿನ ವಾಸನೆ ಹೊಡೆಯುತ್ತದಲ್ಲಯ್ಯ."

"ಕೈಲಾಸದಿಂದ ಬಂದದ್ದು, ಸ್ವಾಮಿ. ಅಲ್ಲಿ ಎತ್ತೂ ಇದೆ" ಎಂದ ತಿಪ್ಪಾಭಟ್ಟ.

ಸಭೆ ನಕ್ಕಿತು. ಶಾಸ್ತ್ರಿಗಳು ಓದುತ್ತ, ಪ್ರತಿ ಶ್ಲೋಕಕ್ಕೂ ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರು. ಓದುತ್ತ ಓದುತ್ತ ಅವರ ದನಿ ಬದಲಾದದ್ದು ತಿಪ್ಪಾಭಟ್ಟನಿಗೆ ತಿಳಿಯಿತು. ತನ್ನ ಮಾತನ್ನು ಇನ್ನೊಬ್ಬರು ಎತ್ತರದ ದನಿಯಲ್ಲಿ ಓದುವುದನ್ನು ಅವನು ಮೊದಲ ಸಲ ಕೇಳುತ್ತಿದ್ದ. ಕೈ ಎಲ್ಲಿಡಬೇಕೋ ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ನಡುವೆ ಒಂದು ಗರಿ ಮುಗಿಯಿತು. ದೇವಿ ಮತ್ತೆ ಕೇಳಿದಳು ಎಂಬಲ್ಲಿಗೆ ಶಾಸ್ತ್ರಿಗಳು ನಿಲ್ಲಿಸಿ, ಗರಿ ತಿರುಗಿಸುವ ಮೊದಲು ಗುಟುಕು ನೀರು ಕುಡಿಯಲು ಚೊಂಬು ಎತ್ತಿದರು. ಆಗ ಬೇವಿನ ಮರದ ಕೆಳಗಿನಿಂದ ಒಂದು ದನಿ, ತಡೆಯಲಾರದೆ, ಗಟ್ಟಿಯಾಗಿ ಬಂತು:

"ಆಮೇಲೆ?"

ಕಾವಲಿನವರು ಅವಳ ಕಡೆ ಕೋಲೆತ್ತಿದರು. ಶಾಸ್ತ್ರಿಗಳು ಗರಿ ತಿರುಗಿಸಿದರು. ಮುಂದಿನ ಗರಿಯ ಮೊದಲ ಮಾತು ಅದೇ ಆಗಿತ್ತು. ಅವರು ಅದನ್ನು ಓದಿ ಅರ್ಥ ಹೇಳಿದೊಡನೆ ಬೊಮ್ಮಲಿಂಗನಾಯಕ ಪೀಠದಿಂದ ಎದ್ದು ನಿಂತ. ಓದಿನ ಗಂಧವಿಲ್ಲದ ಮುದುಕಿ, ಯಾರೂ ತಿರುಗಿಸದ ಗರಿಯೊಳಗೆ ಏನಿದೆಯೆಂದು ಮೊದಲೇ ಹೇಳಿದ್ದಳು. ಸಭೆಯಲ್ಲಿದ್ದವರೆಲ್ಲ ಬೇವಿನ ಮರದ ಕಡೆ ತಿರುಗಿ ಕೈಮುಗಿದರು. ಕಾಟವ್ವ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳಂತೆ.

ಶಾಸ್ತ್ರಿಗಳು ಮಾತ್ರ ಕಡೆಯ ಗರಿಯವರೆಗೂ ಓದು ಬಿಡಲಿಲ್ಲ. ಓದಿ ಮುಗಿಸಿ ಗರಿಯನ್ನು ಕೆಳಗಿಡುವಾಗ ಅವರ ಹೆಬ್ಬೆರಳು ಒಂದು ಕಡೆ ನಿಂತಿತು. ಮಸಿಯಿಲ್ಲದ ಜಾಗದಲ್ಲಿ ಮೆಲ್ಲಗೆ ಎಡದಿಂದ ಬಲಕ್ಕೆ ಸರಿಯಿತು. ಅವರು ತಿಪ್ಪಾಭಟ್ಟನನ್ನು ಹತ್ತಿರ ಕರೆದು, ಬೇರೆ ಯಾರಿಗೂ ಕೇಳಿಸದಂತೆ ಮಾತಾಡಿದರು.

"ನನ್ನ ತಂದೆಯೂ ಓಲೆಕಾರರೇ. ಒಂದು ಚಿಟಿಕೆ ಮಸಿ ತರಿಸಲೇನು?"

ತಿಪ್ಪಾಭಟ್ಟ ಒಂದು ಹೆಜ್ಜೆ ಹಿಂದೆ ಸರಿದ.

"ಹೆದರಬೇಡ. ಇಂಥ ಕವಿ ಈ ಆಸ್ಥಾನದಲ್ಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತೇನೆ. ಇದನ್ನು ಕಟ್ಟಿದವನು ನಾನು ಎಂದು ಒಂದು ಮಾತು ಹೇಳು. ನಿನ್ನ ಹೆಸರು ಮೂಡಿಸಿ ಊರೂರಿಗೆ ಕಳಿಸುತ್ತೇನೆ."

"ಆಮೇಲೆ?" ಎಂದ ತಿಪ್ಪಾಭಟ್ಟ.

"ಆಮೇಲೆ ಇದು ಕಾವ್ಯವಾಗುತ್ತದೆ. ಜನ ತಲೆದೂಗುತ್ತಾರೆ."

"ದೊಣೆ?"

"ಕಾವ್ಯಕ್ಕೆ ಯಾವ ನಾಯಕನೂ ನೀರು ಬಿಟ್ಟುಕೊಡುವುದಿಲ್ಲ" ಎಂದರು ಶಾಸ್ತ್ರಿಗಳು.

ತಿಪ್ಪಾಭಟ್ಟ ಬೇವಿನ ಮರದ ಕಡೆ ನೋಡಿದ. ಅಲ್ಲಿ ಕಾಟವ್ವನ ಸುತ್ತ ಜನ ಅಡ್ಡಬೀಳುತ್ತಿದ್ದರು. ಅವಳು ಅವರ ನಡುವಿನಿಂದ ಕತ್ತು ಚಾಚಿ ಇವನನ್ನೇ ಹುಡುಕುತ್ತಿದ್ದಳು. "ಬರೆದವರು ಯಾರೂ ಇಲ್ಲ ಸ್ವಾಮಿ" ಎಂದ. "ನಾನು ಧೂಳು ಕೊಡವಿದವನು." ಶಾಸ್ತ್ರಿಗಳು ಗರಿಗಳನ್ನು ಜೋಡಿಸಿ ದಾರ ಬಿಗಿದರು. "ಎಷ್ಟು ಗ್ರಂಥಗಳ ಕಡೆಯ ಗರಿಯಲ್ಲಿ ಹೀಗೆ ಮಸಿ ಕಾಣದ ಸಾಲುಗಳಿವೆಯೋ! ಹೆಬ್ಬೆರಳಿಗೆ ಮಾತ್ರ ಗೊತ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಎದ್ದು ನಿಂತು, ಇದು ಪ್ರಮಾಣ ಎಂದು ಸಭೆಗೆ ಸಾರಿದರು.

ಹೀಗೆ ದೊಣೆ ಉಳಿಯಿತು. ಕಾಟವ್ವನನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಗುಡ್ಡಕ್ಕೆ ತಂದರು. ಅವಳ ಆಡುಗಳು ಹಿಂದೆ ಹಿಂದೆಯೇ ಬಂದವು, ಅವಕ್ಕೂ ಅರಿಸಿನ ಹಚ್ಚಿದರು. ಒಂದು ತುಂಟ ಹೋತ ನಾಯಕನ ರೇಷ್ಮೆಯ ಸೆರಗು ತಿಂದರೂ ಅದು ಪ್ರಸಾದವೆಂದೇ ಆಯಿತು. ಅಂದಿನಿಂದ ಅವಳು ಕಾಟವ್ವ ಅಲ್ಲ, ಆಮೇಲಮ್ಮ. ಆಡು ಮೇಯಿಸುವುದು ಬೇಡ ತಾಯಿ ಎಂದು ಕೋಲು ಕಸಿದುಕೊಂಡರು. ಅವಳ ಎದುರು ಕೂತು ಮಾತಾಡಲು ಯಾರಿಗೂ ಧೈರ್ಯವಿಲ್ಲ. ಹಟ್ಟಿಯ ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದಾಗ ಅವಳು ರೂಢಿಯಂತೆ "ಆಮೇಲೆ?" ಎಂದರೆ, ನಗು ನಿಂತು ಎಲ್ಲರೂ ನೆಲಕ್ಕೆ ಹಣೆ ಹಚ್ಚುತ್ತಿದ್ದರು. ಓಲೆ ಬರೆಯುವವನೊಬ್ಬ ದೇವಿಯ ಸಮಕ್ಕೆ ಕಲ್ಲಿನ ಮೇಲೆ ಕೂರುವುದು ಸಲ್ಲದೆಂದು ತಿಪ್ಪಾಭಟ್ಟನನ್ನು ಗವಿಯಿಂದ ಎಬ್ಬಿಸಿದರು. ಹೊರಡುವ ದಿನ ಅವನು ಹತ್ತು ಮಾರು ದೂರದಲ್ಲಿ, ಕೈಮುಗಿದ ಜನರ ಸಾಲಿನಲ್ಲಿ ನಿಂತ.

"ಓಲೆಸ್ವಾಮಿ, ನಾನು ಕೇಳಿದ್ದಕ್ಕೆ ಯಾರೂ ಉತ್ತರ ಹೇಳ್ತಿಲ್ಲ. ಎಲ್ರೂ ಅಡ್ಡ ಬೀಳ್ತಾರೆ" ಎಂದಳು ಅವಳು. "ನೀವು ಅವತ್ತು ಹೊಳೆ ದಾಟಿದ್ರಲ್ಲ. ಆಮೇಲೆ?"

ಆ ಮಾತು ಬಿದ್ದೊಡನೆ ನಲವತ್ತು ಜನ ಒಟ್ಟಿಗೇ ಅಡ್ಡಬಿದ್ದರು. ನಿಂತಿದ್ದವನು ತಿಪ್ಪಾಭಟ್ಟನೊಬ್ಬನೇ. ಅಷ್ಟು ಬೆನ್ನುಗಳ ಮೇಲಿಂದ ಅವಳಿಗೆ ಅದನ್ನು ಹೇಗೆ ಹೇಳುವುದು? ಅವನೂ ಬಗ್ಗಿ ನಮಸ್ಕರಿಸಿ, ಕಂಟದ ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಫಲಶ್ರುತಿಯಲ್ಲಿ ಬರೆದ ಶಾಪ ನೀರು ಕಸಿಯಲು ಬಂದವನಿಗೆ ತಟ್ಟಲಿಲ್ಲ, ಉಳಿಸಿದ ಇಬ್ಬರಿಗೆ ತಟ್ಟಿತು ಎಂದು ಹಟ್ಟಿಯವರು ಇಂದಿಗೂ ಹೇಳುತ್ತಾರೆ.

ಹನ್ನೆರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ಕಾಟವ್ವನ ಸೊಸೆ ಈರವ್ವ ಗೂಡು ಗುಡಿಸಲು ಗುಡ್ಡ ಹತ್ತಿದ್ದಳು. ಕಾಟವ್ವ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು. ದೊಣೆಯ ಬಳಿ ಕೋಲೂರಿಕೊಂಡ ಒಬ್ಬ ಮುದುಕನನ್ನು ಕಂಡು ಈರವ್ವ ಬಂಡೆಯ ಮರೆಯಲ್ಲಿ ನಿಂತಳು. ಮುದುಕ ಮೂಡಣ ದಡದ ಕುಳಿಯಲ್ಲಿ ಕೂತು, ಎದುರಿನ ಖಾಲಿ ಕುಳಿಯನ್ನು ನೋಡುತ್ತ, "ಆಮೇಲೆ?" ಎಂದ. ಎದ್ದು, ಕೋಲೂರಿಕೊಂಡು, ಬಂಡೆ ಬಳಸಿ ಪಡುವಣ ಕುಳಿಗೆ ಹೋಗಿ ಕೂತ. "ಮೂರು ವರ್ಷ ಹಿಡಿಯಿತು ಕಾಟವ್ವ, ಆ ಪುಸ್ತಕ" ಎಂದ. ಮತ್ತೆ ಎದ್ದು ಮೂಡಣ ದಡಕ್ಕೆ ಬಂದು "ಆಮೇಲೆ?" ಎಂದು ಕೇಳಿ, ಮತ್ತೆ ಆಚೆ ಹೋದ. "ಅದು ಮುಗಿದ ಮೇಲೂ ಮೂರು ತಿಂಗಳು ಅಲ್ಲೇ ನಿಂತೆ. ಬೇರೆಯವರದನ್ನು ಬರೆದದ್ದು ಸಾಕು, ನನ್ನ ಹೆಸರಿನ ನೂರು ಪದ್ಯ ಕಟ್ಟಿಕೊಂಡೇ ಮನೆಗೆ ಹೋಗೋಣ ಅಂತ." ಮತ್ತೆ ಈಚೆ, ಮತ್ತೆ ಆಚೆ. ಬಿಸಿಲಿಗೆ ಬಂಡೆ ಕಾದಿತ್ತು. "ಹೋದಾಗ ಮನೆಯಲ್ಲಿ ಬೇರೆಯವರಿದ್ದರು. ನನ್ನವಳು ತೀರಿಹೋಗಿ ಎರಡು ತಿಂಗಳಾಗಿತ್ತು. ಹೊಳೆ ದಾಟಿ ಬಂದವರನ್ನೆಲ್ಲ, ಅವರ ಪುಸ್ತಕ ಮುಗಿಯಿತಾ ಅಂತ ಕೇಳುತ್ತಿದ್ದಳಂತೆ. ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರಂತೆ. ಆ ನೂರು ಪದ್ಯವನ್ನು ಅವತ್ತೇ ಹೊಳೆಗೆ ಬಿಟ್ಟೆ."

ಅಷ್ಟು ಹೇಳಿ ಅವನು ಪಡುವಣ ಕುಳಿಯಲ್ಲಿಯೇ ಉಳಿದ. ಇನ್ನೊಮ್ಮೆ ಎದ್ದು ಹೋಗುವ ಶಕ್ತಿ ಇರಲಿಲ್ಲವೇನೋ. ಎದುರು ದಡವನ್ನು ನೋಡುತ್ತ, ಯಾರೋ ಇನ್ನೇನು ಕೇಳುತ್ತಾರೆ ಎಂಬಂತೆ ಕಾದ. ಆ ಒಂದು ಮಾತನ್ನು ಹೇಳಿಬಿಡಬೇಕೆಂದು ಈರವ್ವನಿಗೆ ಬಾಯವರೆಗೂ ಬಂತು. ಆದರೆ ಅದು ದೇವಿಯ ಮಾತು, ತಾನು ಹೇಗೆ ಆಡುವುದು ಎಂದು ನಾಲಿಗೆ ಕಚ್ಚಿಕೊಂಡಳು. ನೆರಳು ಹೊರಳುವವರೆಗೆ ಕಾದು, ಮುದುಕ ಎದ್ದು ಗುಡ್ಡ ಇಳಿದ. ಅವನನ್ನು ಮತ್ತೆ ಕಂಡವರಿಲ್ಲ. ಈರವ್ವ ಅತ್ತುಕೊಂಡು ಹಟ್ಟಿಗೆ ಬಂದು ನಡೆದದ್ದನ್ನು ಹೇಳಿದಳು. ಮರುದಿನದಿಂದ ತಾನೇ ಮೂಡಣ ಕುಳಿಯಲ್ಲಿ ಕೂತಳು. ದೇವಿ ಮುನಿದರೆ ಮುನಿಯಲಿ, ಇನ್ನು ಮುಂದೆ ಈ ಗುಡ್ಡ ಹತ್ತಿ ಬಂದವರು ಯಾರೂ ಕೇಳಿಸಿಕೊಳ್ಳದೆ ಇಳಿಯಬಾರದು ಎಂದಳಂತೆ. ಅವಳ ಮನೆಯ ಹೆಣ್ಣುಮಕ್ಕಳೇ ಇಂದಿಗೂ ಅಲ್ಲಿ ಕೂರುತ್ತಾರೆ.

ಈಗ ಹೋದವರಿಗೂ ಎರಡು ಕುಳಿಗಳು ಕಾಣುತ್ತವೆ. ನಡುವೆ, ಒಬ್ಬ ಮುದುಕ ಹೋಗಿ ಬಂದು ಮಾಡಿದ ಸವಕಲು ಎಂದು ಜನ ತೋರಿಸುವ ಒಂದು ಜಾಡು ಕಾಣುತ್ತದೆ. ಆಡುಗಳು ಯಾರ ಹಂಗೂ ಇಲ್ಲದೆ ನೀರು ಕುಡಿಯುತ್ತವೆ. ಕೇಳಿಕೊಂಡರೆ ಪೂಜಾರಮ್ಮ ಕೆಂಪು ಬಟ್ಟೆ ಬಿಚ್ಚಿ ಕಡೆಯ ಗರಿಯ ಮೇಲೆ ಹೆಬ್ಬೆರಳು ಆಡಿಸಲು ಬಿಡುತ್ತಾಳೆ. ಆ ಸಾಲು ಅಲ್ಲಿದೆ. ಬೆರಳಿಗೆ ಸಣ್ಣ ಗೀರುಗಳು ತಾಗುತ್ತವೆ, ಆದರೆ ಕಾಲ ಕಳೆದು ಸವೆದಿವೆ, ಯಾವ ಅಕ್ಷರವೆಂದು ತಿಳಿಯುವುದಿಲ್ಲ. ನಾನು ಒಮ್ಮೆ ಜೇಬಿನಲ್ಲಿ ಒಂದಿಷ್ಟು ದೀಪದ ಮಸಿ ಇಟ್ಟುಕೊಂಡೇ ಹೋಗಿದ್ದೆ. "ಬರೆದೋರೇ ಒರೆಸಲಿಲ್ಲ, ನಾವ್ಯಾರು?" ಎಂದಳು ಪೂಜಾರಮ್ಮ. ನಾನು ಮಸಿಯನ್ನು ಹಾಗೆಯೇ ವಾಪಸು ತಂದೆ.

ಇಷ್ಟೂ ನಿಜ. ಮೀಸೆ ಮುಟ್ಟಿ ನೋಡಿಕೊಂಡೆ, ಇನ್ನೂ ಗಟ್ಟಿಯಾಗಿದೆ. ಒಂದು ಸಣ್ಣ ವಿವರವನ್ನು ಮಾತ್ರ ನಾನು ಸೇರಿಸಿದ್ದು, ಅದನ್ನೂ ಹೇಳಿಬಿಡುತ್ತೇನೆ. ಹಟ್ಟಿಯವರು ಅವನನ್ನು ಓಲೆಸ್ವಾಮಿ ಎಂದಷ್ಟೇ ಕರೆಯುತ್ತಿದ್ದರು. ಅವನ ಹೆಸರೇನೆಂದು ಯಾರೂ ಕೇಳಿರಲಿಲ್ಲ. ಇಷ್ಟು ದೂರ ಅವನ ಜೊತೆ ನಡೆದುಬಂದು, ಆ ಮನುಷ್ಯನನ್ನು ಏನೂ ಕರೆಯದೆ ಬಿಡಲು ನನಗೆ ಮನಸ್ಸು ಬರಲಿಲ್ಲ. ತಿಪ್ಪಾಭಟ್ಟ ಎಂಬ ಹೆಸರು ನಾನಿಟ್ಟದ್ದು.